ನನ್ನ ಪಾಠವನ್ನು ನಾನೇ ಕದ್ದೆನಂತೆ

ನಾನು ಸಿಟ್ಟಿನವಳು. ಮಕ್ಕಳು ಲೆಕ್ಕ ತಪ್ಪು ಮಾಡಿದರೆ ಬರುವ ಸಿಟ್ಟಲ್ಲ ಅದು. ಮಕ್ಕಳ ತಪ್ಪೆಂದರೆ ನನಗೆ ಪ್ರೀತಿ. ದೊಡ್ಡವರು ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದಾಗ ಬರುವ ಸಿಟ್ಟು. ಅದು ಬಂದಾಗ ನನ್ನ ಬಾಯಿಗೆ ಬೀಗ ಹಾಕಿದವರು ಇಲ್ಲಿಯವರೆಗೆ ಯಾರೂ ಇಲ್ಲ. ಅಂಥವಳನ್ನು ಹೋದ ವರ್ಷ ಒಂದು ಮಧ್ಯಾಹ್ನ, ನಮ್ಮ ಶಾಲೆಯಲ್ಲೇ, ಊರಿನ ಗಣಿತದ ಮೇಷ್ಟ್ರುಗಳೆಲ್ಲ ಕೂತಿದ್ದ ಸಭೆಯಲ್ಲಿ ಕಳ್ಳಿ ಮಾಡಿ ಕೂರಿಸಿದರು. ನಾನು ಬಾಯಿ ಮುಚ್ಚಿಕೊಂಡು ಕೂತೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಾನು ಮೈಸೂರಿನ ಬನ್ನಿಮಂಟಪದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆ ಕುವೆಂಪುನಗರ. ಕೊರೊನಾ ಬಂದು ಶಾಲೆಗಳೆಲ್ಲ ಮುಚ್ಚಿದ್ದಾಗ, ಪಾಠ ಮಾಡದೆ ಹುಚ್ಚು ಹಿಡಿದಂತಾಗಿ, ಒಂದು ಬ್ಲಾಗ್ ಶುರು ಮಾಡಿದೆ. ಹೆಸರು ಹಾಕಲಿಲ್ಲ, ಫೋಟೋ ಹಾಕಲಿಲ್ಲ. ತರಗತಿಯಲ್ಲಿ ಯಾವ ಪಾಠ ಹೇಗೆ ಮಾಡಿದೆ, ಮಕ್ಕಳು ಎಲ್ಲಿ ಮುಗ್ಗರಿಸಿದರು, ನಾನು ಎಲ್ಲಿ ಮುಗ್ಗರಿಸಿದೆ, ಇಷ್ಟೇ. ಸ್ಟಾಫ್ ರೂಮಿನ ತಮಾಷೆಯೂ ಅಲ್ಲಲ್ಲಿ ಬರುತ್ತಿತ್ತು. ನಮ್ಮ ಹೆಡ್‌ಮಿಸ್ ಸೀಮೆಸುಣ್ಣವನ್ನು ಒಡವೆಯಂತೆ ಬೀರುವಿನಲ್ಲಿಟ್ಟು ಕಾಯುವುದನ್ನು ಎಷ್ಟು ಸಲ ಬರೆದಿದ್ದೇನೋ. ಹೆಸರು ಹಾಕದಿರಲು ಅದೂ ಒಂದು ಕಾರಣ. ಬ್ಲಾಗ್ ವಿಷಯ ನನ್ನ ಗಂಡನಿಗೆ ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಯಾರು ಓದುತ್ತಾರೆ ಎಂದುಕೊಂಡಿದ್ದೆ. ಓದಿದರು. ಚಾಮರಾಜನಗರದಿಂದ, ಶಿರಸಿಯಿಂದ, ಬೀದರಿನಿಂದ, ನನ್ನಂತೆಯೇ ಕಪ್ಪುಹಲಗೆಯ ಮುಂದೆ ನಿಂತು ಕಾಲು ನೋಯಿಸಿಕೊಳ್ಳುವ ಜನ ಬರೆದರು. ಮೊದಲು ಬರೆದವರು ಯಾರೋ 'ಸರ್' ಎಂದರು. ಆಮೇಲೆ ಬಂದವರೆಲ್ಲ ಅದನ್ನೇ ಹಿಡಿದುಕೊಂಡರು. ಗಣಿತ ತಾನೇ, ಸರ್ ಆಗಿರಲೇಬೇಕು. ನನಗೆ ನಗು ಬರುತ್ತಿತ್ತು, ಸುಮ್ಮನಿದ್ದೆ. ಅವರಲ್ಲಿ ಇಬ್ಬರು ನನಗೆ ಬಹಳ ಹತ್ತಿರದವರಾಗಿಬಿಟ್ಟರು. ಒಬ್ಬರು 'ಹಳೇ ವಿದ್ಯಾರ್ಥಿ' ಎಂಬ ಹೆಸರಿನಲ್ಲಿ ದಿನಾ ಬೆಳಿಗ್ಗೆ ತಪ್ಪದೆ ಎರಡು ಸಾಲು ಬರೆಯುವವರು. ಇನ್ನೊಬ್ಬಳು ಬಾಗಲಕೋಟೆ ಕಡೆಯ ಹಳ್ಳಿಯೊಂದರ ಗಣಿತದ ಟೀಚರ್. ಅವಳು ನನ್ನ ಪಾಠಗಳನ್ನು ತನ್ನ ಮಕ್ಕಳಿಗೆ ಮಾಡಿ, ಏನಾಯಿತೆಂದು ಪೂರ್ತಿ ಕಥೆಯನ್ನೇ ಬರೆಯುತ್ತಿದ್ದಳು. "ಸರ್, ಭಿನ್ನರಾಶಿ ಪಾಠ ನಮ್ಮ ಹುಡುಗ್ರಿಗೆ ಭಾಳ ಸೇರಿತ್ರಿ" ಎಂದು ಅವಳು ಬರೆದ ದಿನ ನಾನು ಸ್ಕೂಟರಿನಲ್ಲಿ ಹಾಡು ಗುನುಗಿಕೊಂಡು ಮನೆಗೆ ಬಂದೆ.

ನಮ್ಮಲ್ಲಿ ಒಂದು ರೂಢಿಯಿದೆ. ಆಗಾಗ ಯಾವುದಾದರೊಂದು ಶಾಲೆಯಲ್ಲಿ ಸುತ್ತಮುತ್ತಲಿನ ಗಣಿತದ ಶಿಕ್ಷಕರೆಲ್ಲ ಸೇರುತ್ತಾರೆ. ಆ ಶಾಲೆಯವರೊಬ್ಬರು ಮಾದರಿ ಪಾಠ ಮಾಡಬೇಕು, ಉಳಿದವರು ಹಿಂದಿನ ಬೆಂಚುಗಳಲ್ಲಿ ಮಂಡಿ ಮಡಚಿ ಕೂತು ನೋಡಬೇಕು. ಆಮೇಲೆ ಉಪ್ಪಿಟ್ಟು, ಕೇಸರಿಭಾತು, ವಿಮರ್ಶೆ. ವಿಮರ್ಶೆಯೆಂದರೆ ಎಲ್ಲರೂ "ಚೆನ್ನಾಗಿತ್ತು, ಬೋರ್ಡಿನ ಮೇಲಿನ ಅಕ್ಷರ ಇನ್ನೂ ದಪ್ಪಗಿರಬೇಕಿತ್ತು" ಎನ್ನುವುದು. ಆ ಸಲ ಸರದಿ ನಮ್ಮ ಶಾಲೆಯದು, ಪಾಠ ನನ್ನದು.

ನಾನು ಆರಿಸಿಕೊಂಡದ್ದು ವೃತ್ತದ ವಿಸ್ತೀರ್ಣ. ಸೆಣಬಿನ ಹುರಿಯನ್ನು ತಟ್ಟೆಯ ನಡುವಿನಿಂದ ಶುರುಮಾಡಿ ಒತ್ತೊತ್ತಾಗಿ ಸುತ್ತುತ್ತಾ ಹೋದರೆ ಚಕ್ಕುಲಿಯಂಥ ಒಂದು ವೃತ್ತ ಆಗುತ್ತದೆ. ಅಂಚಿನಿಂದ ನಡುವಿನವರೆಗೆ ಕತ್ತರಿಯಿಂದ ನೆಟ್ಟಗೆ ಕತ್ತರಿಸಿದರೆ ಸುತ್ತುಗಳೆಲ್ಲ ಬಿಚ್ಚಿಕೊಂಡು ಉದ್ದದ ತುಂಡು ಕೆಳಗೆ, ಗಿಡ್ಡದ್ದು ಮೇಲೆ ಜೋಡಿಸಲು ಬರುತ್ತವೆ. ಜೋಡಿಸಿ ನೋಡಿದರೆ ತ್ರಿಕೋನ! ಅದರ ಪಾದ ವೃತ್ತದ ಸುತ್ತಳತೆ, ಎತ್ತರ ತ್ರಿಜ್ಯ. ಬಾಯಿಪಾಠ ಮಾಡುವ ಸೂತ್ರ ಮಕ್ಕಳ ಕೈಯಲ್ಲೇ ಹುಟ್ಟುತ್ತದೆ. ಹಿಂದಿನ ವಾರವಷ್ಟೇ ಇನ್ನೊಂದು ಸೆಕ್ಷನ್ನಿಗೆ ಮಾಡಿ, ಖುಷಿಯಿಂದ ಬ್ಲಾಗಿನಲ್ಲಿ ಬರೆದಿದ್ದೆ. ಆ ದಿನ ಇನ್ನೂ ಚೆನ್ನಾಗಿ ಬಂತು. ಅಷ್ಟು ಕಷ್ಟಪಟ್ಟು ಸುತ್ತಿದ್ದನ್ನು ಕತ್ತರಿಸಿ ಎಂದಾಗ ಹುಡುಗಿಯರೆಲ್ಲ "ಅಯ್ಯೋ ಬೇಡ ಮಿಸ್!" ಎಂದು ಕೂಗಿದರು. ತ್ರಿಕೋನ ಕಂಡಾಗ ತರಗತಿ ಒಂದು ಗಳಿಗೆ ಸುಮ್ಮನಾಯಿತು. ಆ ಮೌನಕ್ಕಾಗಿಯೇ ನಾನು ಈ ಕೆಲಸದಲ್ಲಿರುವುದು.

ಉಪ್ಪಿಟ್ಟು ಮುಗಿಯಿತು. ಗಣಿತದ ಪರಿವೀಕ್ಷಕರು ಎದ್ದುನಿಂತರು. ನಿವೃತ್ತಿಗೆ ಹತ್ತಿರದ ಮನುಷ್ಯ, ಯಾರಿಗೂ ಗಡುಸಾಗಿ ಮಾತಾಡಿದವರಲ್ಲ.

"ಪಾಠ ಚೆನ್ನಾಗಿತ್ತು ಮೇಡಂ. ಈ ಐಡಿಯಾ ಎಲ್ಲಿಂದ ತಗೊಂಡ್ರಿ?"

"ನನ್ನದೇ ಸರ್."

ಅವರು ನಕ್ಕರು. ಜೇಬಿನಿಂದ ಫೋನ್ ತೆಗೆದರು. "ಹಂಗನ್ಬೇಡಿ ಮೇಡಂ. ನಾನು ದಿನಾ ಬೆಳಿಗ್ಗೆ ಕಾಫಿ ಜೊತೆ ಒಂದು ಬ್ಲಾಗ್ ಓದ್ತೀನಿ, ಕಾಮೆಂಟೂ ಹಾಕ್ತೀನಿ, ಹಳೇ ವಿದ್ಯಾರ್ಥಿ ಅಂತ. ಯಾರೋ ಹಿರಿಯರು ಬರೀತಾರೆ. ಹೋದ ವಾರ ಇದೇ ಪಾಠ ಇತ್ತು. ಅದೇ ಹುರಿ, ಅದೇ ತಟ್ಟೆ." ಎಂದವರೇ ನಾನು ಬರೆದ ಸಾಲುಗಳನ್ನು ನನ್ನ ಮುಂದೆಯೇ ಗಟ್ಟಿಯಾಗಿ ಓದಿದರು. "ತಗೊಳ್ಳೋದು ತಪ್ಪಲ್ಲ ಕಣ್ರೀ, ನಾವೆಲ್ಲ ತಗೋತೀವಿ. ಆದ್ರೆ ನನ್ನದೇ ಅನ್ನೋದಾ? ಪಾಪ, ಆ ಮನುಷ್ಯನ್ನ ನೆನೆಸ್ಕೊಳ್ಳಿ."

ಎದುರಿಗಿರುವುದು ಹಳೇ ವಿದ್ಯಾರ್ಥಿ! ಇಷ್ಟು ವರ್ಷ ನನ್ನ ಬೆಳಗನ್ನು ಚೆಂದ ಮಾಡಿದವರು ಇವರೇ ಎಂಬುದಕ್ಕೆ ಬೆಚ್ಚಬೇಕೋ, ಅವರೇ ನನ್ನನ್ನು ಕಳ್ಳಿ ಎನ್ನುತ್ತಿದ್ದಾರೆ ಎಂಬುದಕ್ಕೋ, ತಿಳಿಯಲಿಲ್ಲ. ಬಾಯಿ ತೆರೆದೆ. ಬ್ಲಾಗ್ ನನ್ನದು ಎಂದರೆ ಪಕ್ಕದಲ್ಲೇ ಕೂತಿರುವ ಹೆಡ್‌ಮಿಸ್ ಮನೆಗೆ ಹೋಗಿ ಸೀಮೆಸುಣ್ಣದ ಕಥೆಗಳನ್ನೆಲ್ಲ ಓದುತ್ತಾರೆ ಎಂಬ ಭಯ ಒಂದು ಕಡೆ. ಆದರೆ ನಿಜವಾಗಿ ಬಾಯಿ ಕಟ್ಟಿದ್ದು ಅದಲ್ಲ. ಅವರು 'ಯಾರೋ ಹಿರಿಯರು' ಎಂದಾಗ ನನ್ನ ಕಣ್ಣ ಮುಂದೆಯೂ ಒಬ್ಬರು ಬಂದುಬಿಟ್ಟರು. ಯಾದವಗಿರಿಯ ಯಾವುದೋ ಬಂಗಲೆಯ ಜಗಲಿಯಲ್ಲಿ ಕೂತ, ಬಿಳಿ ಅಂಗಿಯ, ಕನ್ನಡಕದ ಮೇಷ್ಟ್ರು. ಅವರಿಂದ ಕದ್ದೆನೇನೋ ಎಂಬಂತೆ ನಾನು ತಲೆ ತಗ್ಗಿಸಿದೆ. ನನ್ನದೇ ಪಾಠಕ್ಕೆ, ಇಲ್ಲದ ಒಬ್ಬ ಗಂಡಸಿನ ಮುಂದೆ!

ಸಭೆ ಮುಗಿದ ಮೇಲೆ ಹೆಡ್‌ಮಿಸ್ ನನ್ನನ್ನು ಒಳಗೆ ಕರೆದರು. "ನಮ್ಮ ಸ್ಕೂಲಿನ ಮಾನ ಹೋಯ್ತು ಕಣಮ್ಮ. ಮುಂದಿನ ವರ್ಷ ಹತ್ತನೇ ಕ್ಲಾಸು ನೀನು ತಗೋಬೇಡ. ಹೊಸದಾಗಿ ಬಂದಿರೋ ಸರ್‌ಗೆ ಕೊಡ್ತೀನಿ."

ಹತ್ತನೇ ಕ್ಲಾಸು ನನ್ನ ಪ್ರಾಣ. ಎಂಟನೇ ಕ್ಲಾಸಿನಿಂದ ಕೈಹಿಡಿದು ತಂದ ಮಕ್ಕಳು ಅವರು. ಸ್ಕೂಟರ್ ಓಡಿಸಿಕೊಂಡು ಮನೆಗೆ ಹೇಗೆ ಬಂದೆನೋ ದೇವರಿಗೇ ಗೊತ್ತು.

ನನ್ನ ಗಂಡ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಂದನ್ನ ನೀನೇ ಕದ್ಬುಟ್ಟೆ! ಇದಕ್ಕೆ ಯಾವ ಸ್ಟೇಷನ್ನಲ್ಲಿ ಕಂಪ್ಲೇಂಟ್ ಕೊಡೋದು?"

"ನಗಬೇಡಿ, ನಾನು ಸಾಯ್ತಾ ಇದೀನಿ ಇಲ್ಲಿ" ಎಂದು ರೇಗಿ, ಬ್ಲಾಗ್ ತೆರೆದೆ. ಹಳೇ ವಿದ್ಯಾರ್ಥಿಯ ಕಾಮೆಂಟು ಆಗಲೇ ಬಂದಿತ್ತು. 'ಗೌರವಾನ್ವಿತ ಸರ್, ಇವತ್ತು ಮೈಸೂರಿನ ಒಂದು ಶಾಲೆಯಲ್ಲಿ ಒಬ್ಬ ಮೇಡಂ ನಿಮ್ಮ ವೃತ್ತದ ಪಾಠವನ್ನು ತನ್ನದೆಂದು ಮಾಡಿದರು. ನಿಮ್ಮ ಪರವಾಗಿ ನಾನೇ ತಿಳಿಹೇಳಿದ್ದೇನೆ. ನೀವು ಬೇಸರ ಮಾಡಿಕೊಳ್ಳಬೇಡಿ.' ಅದರ ಕೆಳಗೆ ನನ್ನವರೆಲ್ಲ ಸೇರಿದ್ದರು. ಕಷ್ಟಸುಖ ಹಂಚಿಕೊಂಡ, ಹಬ್ಬಕ್ಕೆ ಶುಭಾಶಯ ಕಳಿಸುತ್ತಿದ್ದ, ನನಗೆ ಜ್ವರ ಬಂದಾಗ ಕಷಾಯ ಹೇಳಿಕೊಟ್ಟಿದ್ದ ಜನ. 'ಇಂಥವರಿಗೆ ನಾಚಿಕೆ ಆಗಬೇಕು.' 'ಶಾಲೆಯ ಹೆಸರು ಹೇಳಿ, ನಾವು ನೋಡಿಕೊಳ್ಳುತ್ತೇವೆ.' ಬಾಗಲಕೋಟೆಯ ನನ್ನ ಗೆಳತಿ ಬರೆದಿದ್ದಳು: 'ಸರ್, ಆಕಿಗೆ ಒಂದು ಲೆಕ್ಕ ತಾನಾಗಿ ಮಾಡಾಕ ಬರಾಂಗಿಲ್ಲ ಅಂತ ಕಾಣ್ತೈತಿ. ಅದಕ್ಕ ನಿಮ್ದು ಕದ್ದಾಳ.'

ಉಳಿದವರ ಮಾತು ಹೇಗೋ ನುಂಗಿದೆ. ಅವಳ ಸಾಲು ಓದಿ ಅಳು ಬಂತು. ನನ್ನನ್ನು ಕಾಪಾಡಲೆಂದೇ ಅವರೆಲ್ಲ ನನ್ನನ್ನು ಹೊಡೆಯುತ್ತಿದ್ದರು. ಪ್ರತಿಯೊಂದು ಬೈಗುಳದ ಹಿಂದೆಯೂ ನನ್ನ ಮೇಲಿನ ಪ್ರೀತಿಯಿತ್ತು. ಇಂಥ ಪ್ರೀತಿಯನ್ನು ಏನು ಮಾಡಬೇಕು?

ಕೂತು ಬರೆದೆ. 'ಆ ಮೇಡಂ ನಾನೇ. ಈ ಬ್ಲಾಗ್ ಬರೆಯುವವಳೂ ನಾನೇ. ಪಾಠ ನನ್ನದು.' ಹೆಡ್‌ಮಿಸ್ ಓದಿದರೆ ಓದಲಿ ಎಂದುಕೊಂಡು ಪ್ರಕಟಿಸಿದೆ. ಇನ್ನೇನು, ಎಲ್ಲರೂ ಅಯ್ಯಯ್ಯೋ ತಪ್ಪಾಯಿತು ಎನ್ನುತ್ತಾರೆ.

ಬೆಳಿಗ್ಗೆ ಎದ್ದು ನೋಡಿದರೆ, ಒಬ್ಬರಾದರೂ ನಂಬಿರಲಿಲ್ಲ. 'ಎಂಥ ದೊಡ್ಡ ಗುಣ ಸರ್ ನಿಮ್ಮದು! ಆಕೆಯ ಮಾನ ಉಳಿಸಲು ಹೀಗೆ ಬರೆಯಲು ನಿಮ್ಮಿಂದ ಮಾತ್ರ ಸಾಧ್ಯ' ಎಂದು ಹಳೇ ವಿದ್ಯಾರ್ಥಿ ಬರೆದಿದ್ದರು. ಓದಿ ಕಣ್ಣು ತುಂಬಿ ಬಂತು ಎಂದವರೊಬ್ಬರು. ಗುರುಗಳೆಂದರೆ ಹೀಗಿರಬೇಕು ಎಂದವರು ಇನ್ನೊಬ್ಬರು. ನನ್ನ ಗೆಳತಿ, 'ಸರ್, ಕಳ್ಳಿಗೆ ಇಷ್ಟು ಮರ್ಯಾದಿ ಬ್ಯಾಡ್ರಿ' ಎಂದಿದ್ದಳು.

ಇಷ್ಟು ವರ್ಷ ಇವರಿಗೆ ನನ್ನ ಮನಸ್ಸೆಲ್ಲ ತೆರೆದು ಬರೆದಿದ್ದೆ. ನಾನು ಯಾವುದಕ್ಕೆ ನಗುತ್ತೇನೆ, ಯಾವುದಕ್ಕೆ ರೇಗುತ್ತೇನೆ ಎಲ್ಲವೂ ಇವರಿಗೆ ಗೊತ್ತಿತ್ತು. ನಾನು ದೇವರಂಥ ಮನುಷ್ಯ ಎಂದು ನಂಬಲು ಇವರಿಗೆ ಏನೂ ಕಷ್ಟವಿರಲಿಲ್ಲ, ಹೆಂಗಸು ಎಂದು ನಂಬುವುದೊಂದು ಆಗಲಿಲ್ಲ. ಆಗ ಬಂತು ನೋಡಿ ನನ್ನ ಸಿಟ್ಟು, ಹಿಂದಿನ ದಿನ ಸಭೆಯಲ್ಲಿ ಬರಬೇಕಾಗಿದ್ದದ್ದು.

ಆ ದಿನ ಶಾಲೆಗೆ ರಜೆ ಹಾಕಿದೆ. ಊಟದ ಮೇಜಿನ ಮೇಲೆ ತಟ್ಟೆ, ಹುರಿ, ಕತ್ತರಿ ಇಟ್ಟೆ. ಗಂಡನ ಕೈಗೆ ಫೋನ್ ಕೊಟ್ಟು, "ನನ್ನ ಮುಖ ಬರಬೇಕು, ಸರಿಯಾಗಿ ಹಿಡೀರಿ" ಎಂದೆ. ಅವರು ಆ ಹೊತ್ತಿನಲ್ಲಿ ನಗಲಿಲ್ಲ, ಅದಕ್ಕೆ ಈಗಲೂ ಋಣಿ. ಹಳೆಯ ಸೀರೆ, ಗಾಜಿನ ಬಳೆ, ಅಡುಗೆಮನೆಯ ಗೋಡೆ, ಇದ್ದದ್ದು ಇದ್ದಂತೆ. ಹುರಿ ಸುತ್ತಿ, ಕತ್ತರಿಸಿ, ತ್ರಿಕೋನ ಜೋಡಿಸಿ, ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿದೆ. ಕೊನೆಗೆ, "ನಾನು ಯಾರ ಮಾನವನ್ನೂ ಉಳಿಸ್ತಾ ಇಲ್ಲ, ನನ್ನದನ್ನ ಕೇಳ್ತಾ ಇದೀನಿ" ಎಂದೆ. ಬ್ಲಾಗಿಗೆ ಹಾಕಿದೆ.

ಸಂಜೆಯವರೆಗೆ ಒಂದೇ ಒಂದು ಕಾಮೆಂಟು ಬರಲಿಲ್ಲ. ಬ್ಲಾಗ್ ಶುರುವಾದಾಗಿನಿಂದ ಅಂಥ ಮೌನ ಕಂಡಿರಲಿಲ್ಲ.

ಮಾರನೆಯ ದಿನ ಪರಿವೀಕ್ಷಕರು ನಮ್ಮ ಶಾಲೆಗೆ ಬಂದರು. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ನಿಂತು ಕೈಮುಗಿದರು. "ಯಾಕ್ ಮೇಡಂ, ಅವತ್ತೇ ಹೇಳ್ಲಿಲ್ಲ ನೀವು?"

"ಹೇಳಿದ್ನಲ್ಲ ಸರ್. ನನ್ನದೇ ಅಂದೆ. ನೀವು ನಕ್ಕುಬುಟ್ರಿ."

ಅವರು ಬೆಂಚಿನ ಮೇಲೆ ಕೂತರು. ಅವತ್ತು ನೀವು ಬ್ಲಾಗಿನಲ್ಲಿ ಇದ್ದುದಕ್ಕಿಂತ ಚೆನ್ನಾಗಿ ಪಾಠ ಮಾಡಿದಿರಿ, ಆ ಹಿರಿಯರನ್ನು ಯಾರೋ ಮೀರಿಸಿಬಿಟ್ಟರಲ್ಲ ಎಂದೇ ನನಗೆ ಒಳಗೊಳಗೇ ಅಷ್ಟು ಸಿಟ್ಟು ಬಂದದ್ದು ಎಂದರು. ಹೆಡ್‌ಮಿಸ್ ಬೀರುವಿನ ಬೀಗದ ಕೈಯನ್ನೇ ನೋಡುತ್ತಿದ್ದರು. ಎಲ್ಲ ಓದಿದ್ದಾರೆ ಎಂದು ಅರ್ಥವಾಯಿತು. ಆದರೂ ಹತ್ತನೇ ಕ್ಲಾಸು ನನ್ನಲ್ಲೇ ಉಳಿಯಿತು, ಆ ಮಟ್ಟಿಗೆ ಅವರು ನ್ಯಾಯವಂತರು.

ಕ್ಷಮೆ ಕೇಳಿ ಬರೆದವರು ಬಹಳ. ಕೆಲವರು ಸದ್ದಿಲ್ಲದೆ ಬಿಟ್ಟುಹೋದರು, ಅವರಿಗೆ ಸರ್ ಬೇಕಾಗಿತ್ತೇನೋ. ಬಾಗಲಕೋಟೆಯ ಗೆಳತಿ ಮಾತ್ರ ಏನೂ ಬರೆಯಲಿಲ್ಲ. ನಾನು ದಿನಾ ನೋಡುತ್ತಿದ್ದೆ. ಉಳಿದವರೆಲ್ಲ ಹೋದರೂ ಸರಿ, ಅವಳು ಬರಲಿ ಎನ್ನಿಸುತ್ತಿತ್ತು. ಕೊನೆಗೆ ನನ್ನ ನಂಬರನ್ನೇ ಅವಳಿಗೆ ಮೇಲ್ ಮಾಡಿದೆ. ಒಂದು ಭಾನುವಾರ ಬೆಳಿಗ್ಗೆ ಫೋನ್ ಬಂತು.

"ಅಕ್ಕಾರ, ನಾನ್ರಿ" ಎಂದಳು. "ಏನಂತ ಮಾತಾಡ್ಲಿ? ಲೆಕ್ಕ ಬರಾಂಗಿಲ್ಲ ಆಕಿಗೆ ಅಂತ ಬರದ್ನೆಲ್ರಿ ನಾನು."

"ಬಿಡಮ್ಮ, ನಿನಗೇನು ಗೊತ್ತಿತ್ತು?"

"ಅದ ಅಲ್ರಿ" ಎಂದಳು. "ನಮ್ಮ ಸಾಲ್ಯಾಗ ನನಗೂ ಹಂಗ ಅಂತಾರ್ರಿ. ನಾ ಏನರ ಹೊಸಾದು ಮಾಡಿದ್ರ, ಎಲ್ಲಿಂದ ತಂದಿ ಅಂತ ಕೇಳ್ತಾರ. ದಿನಾ ಕೇಳ್ಕೊಂಡು ಬಂದಾಕಿ ನಾನು. ಗಂಡಸ್ರಿಗೆ ಹೊಳೀಲಿಲ್ಲ, ಹೋಗ್ಲಿ. ನನಗರ ಹೊಳೀಬೇಕಿತ್ತಲ್ರಿ ಅಕ್ಕಾರ?"

ಯಾದವಗಿರಿಯ ಆ ಬಿಳಿ ಅಂಗಿಯ ಮೇಷ್ಟ್ರ ಮುಂದೆ ನಾನೂ ತಲೆ ತಗ್ಗಿಸಿದ್ದೆ ಎಂದು ಅವಳಿಗೆ ಹೇಳಿದೆ. ಅವಳು ಜೋರಾಗಿ ಅತ್ತಳು. ಫೋನ್ ಇಡಲು ನನಗೂ ಮನಸ್ಸಾಗಲಿಲ್ಲ.