ಟವೆಲಿನ ಕೆಳಗಿನ ಕೈ

ನನಗೆ ಸಂತೆಯ ವ್ಯಾಪಾರ ಕಲಿಸಿದ ಯಜಮಾನರ ಬಲಗೈಯ ಉಂಗುರಬೆರಳು ಅರ್ಧವೇ ಇತ್ತು. ಎಳೆ ವಯಸ್ಸಿನಲ್ಲಿ ಹೋರಿಯ ಹಗ್ಗಕ್ಕೆ ಸಿಕ್ಕಿ ತುಂಡಾಗಿತ್ತಂತೆ. ದನದ ದಲ್ಲಾಳಿಗೆ ಬೆರಳೇ ಬಂಡವಾಳ. ಅವರು ಆ ನಷ್ಟವನ್ನೂ ಕೆಲಸಕ್ಕೆ ಹಚ್ಚಿದ್ದರು. ಇಡೀ ಬೆರಳು ಹಿಡಿದರೆ ನೂರು, ಮೊಂಡುಬೆರಳು ಒತ್ತಿದರೆ ಐವತ್ತು. "ದ್ಯಾವ್ರು ನಂಗೆ ಚಿಲ್ರೆ ಕೊಟ್ಟವ್ನೆ ಕಣ್ಲಾ" ಎನ್ನುತ್ತಿದ್ದರು.

ನರಸೀಪುರದ ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಹೊದಿಸಿ, ಅದರಡಿ ಕೈ ಹಿಡಿದು, ಬೆರಳಲ್ಲೇ ಕೇಳುವುದು, ಬೆರಳಲ್ಲೇ ಇಳಿಸುವುದು. ಪಕ್ಕದವನಿಗೂ ತಿಳಿಯದು. ಆದರೆ ಹೆಮ್ಮಿಗೆಯ ನಮ್ಮ ಕೇರಿಯವರ ಕೈ ಮುಟ್ಟುವವರು ಯಾರು? ನಾವು ಮಾರು ದೂರ ನಿಂತು ಕೂಗಿ ಕೇಳಬೇಕಿತ್ತು. ಕೂಗಿ ಕೇಳಿದವನಿಗೆ ಯಾವ ಕಾಲಕ್ಕೂ ಅಗ್ಗದಲ್ಲಿ ಸಿಗುವುದಿಲ್ಲ, ಇದನ್ನು ನೆನಪಿಟ್ಟುಕೊಳ್ಳಿ.

ಎಂಬತ್ತರ ದಶಕದ ಮೊದಲಲ್ಲಿ ಪರಿಶಿಷ್ಟರಿಗೆಂದು ಸಬ್ಸಿಡಿ ಸಾಲ ಬಂತು. ನನಗೂ ಒಂದು ಜೊತೆ ಎತ್ತಿಗೆ ಮಂಜೂರಾಯಿತು. ಗಾಡಿ ಕಟ್ಟಿ ಕಬ್ಬು ಹೊಡೆದರೆ ಕೂಲಿ ಬಿಡಬಹುದು ಎಂಬುದು ನನ್ನ ಲೆಕ್ಕ. ಸಾಲ ಎಷ್ಟೆಂದು ಸಂತೆಗೆಲ್ಲ ಗೊತ್ತಿತ್ತು. ಹಾಗಾಗಿ ಮುದಿ ಎತ್ತಿಗೂ ಅಷ್ಟೇ ಬೆಲೆ. ಅಂಥದೊಂದು ಜೊತೆಗೆ ನಾನು ಒಪ್ಪಿ ತಲೆಯಾಡಿಸುವ ಹೊತ್ತಿಗೆ ಹುಣಸೆಮರದ ಬುಡದಿಂದ ವಿಭೂತಿ ಹಣೆಯ ಈ ಯಜಮಾನರು ಎದ್ದು ಬಂದರು.

"ಬಾಯ್ಬುಡ್ಸಿ ಅಲ್ಲು ನೋಡ್ದೆ ಎತ್ತು ಇಡೀತೀಯಲ್ಲ, ಸರ್ಕಾರದ ಸಾಲ ಅಂದ್ರೆ ನೀನ್ ತೀರ್ಸೋದಲ್ವಾ?" ಎಂದು ಬೈದು, ಬರಿಗೈಲಿ ಮನೆಗೆ ಕಳಿಸಿದರು. ಮುಂದಿನ ಸಂತೆಗೆ ಬಾ ಎಂದರು.

ಹೋದೆ. ಅವರು ಟವೆಲ್ ಹಾಸಿ ಕೈ ಚಾಚಿದರು. ನನ್ನದು ಎಷ್ಟು ಬೆವತಿತ್ತೆಂದರೆ ಹಿಂದಕ್ಕೆಳೆದುಕೊಂಡೆ. "ಒರುಸ್ಕೊ. ಬೆವತ ಕೈನ ಎದ್ರುನವ್ನು ಓದ್ಬುಡ್ತಾನೆ." ಮೂರು ಸಂತೆ ಕೂರಿಸಿಕೊಂಡು ಬೆರಳಿನ ಭಾಷೆ ಕಲಿಸಿದರು.

ನಾಲ್ಕನೆಯ ಸಂತೆಯಲ್ಲಿ ತಾಂಡವಪುರದ ರೈತರೊಬ್ಬರ ಒಂದು ಜೊತೆ ಎತ್ತು ನನಗೆ ಹಿಡಿಸಿತು. ಯಜಮಾನರು ಮೊದಲು ನನ್ನ ಕೈ ಹಿಡಿದು ನನ್ನ ಬೆಲೆ ತಿಳಿದರು. ಅದೇ ಕೈಯನ್ನು ರೈತರತ್ತ ಚಾಚಿದರೆ ಅವರು ಸರಿದು ನಿಂತರು. ಅವನನ್ನು ಮುಟ್ಟಿದ ಕೈಯಲ್ಲಿ ನನ್ನನ್ನು ಮುಟ್ಟಬೇಡಿ ಎಂದರು. ಸುತ್ತ ಜನ ಸೇರಿದರು. ಎತ್ತು ಕೈತಪ್ಪಿತು ಎಂದುಕೊಂಡೆ.

ಯಜಮಾನರು ಟವೆಲ್ ಮಡಿಸಿ ಹೆಗಲಿಗೆ ಹಾಕಿಕೊಂಡರು.

"ಅಂಗಾದ್ರೆ ಬಾಯ್ಬುಟ್ಟು ಏಳ್ಬುಡಿ ಸ್ವಾಮಿ. ಎಷ್ಟುಕ್ ಇಳೀತೀರಾ ಅಂತ ಸಂತೆಯೆಲ್ಲ ಕೇಳ್ಲಿ."

ಸಂತೆ ಕರಗುತ್ತಿತ್ತು, ಬೇರೆ ಗಿರಾಕಿ ಇರಲಿಲ್ಲ. ಆ ರೈತರು ಮುಂದಿನ ವಾರ ಇನ್ನೆರಡು ಜೊತೆ ತರುವವರಿದ್ದರು; ಇಂದು ಕೂಗಿದ ಬೆಲೆಯಿಂದಲೇ ಅವಕ್ಕೂ ಚೌಕಾಶಿ ಶುರುವಾಗುತ್ತಿತ್ತು. ಅವರು ಎತ್ತನ್ನು ನೋಡಿದರು, ಜನರನ್ನು ನೋಡಿದರು. ಕಡೆಗೆ ಟವೆಲ್ ಹಾಕಿ ಎಂದು ಮೆಲ್ಲಗೆ ಹೇಳಿ ಕೈ ಕೊಟ್ಟರು. ಕೇಳಿದ್ದಕ್ಕಿಂತ ಮೂರೂವರೆ ಬೆರಳು ಇಳಿಯಿತು.

ಅದಾದ ಮೇಲೆ ತಿಂಗಳೊಪ್ಪತ್ತು ಅವರ ಮರದ ಬುಡಕ್ಕೆ ಜನ ಕಡಿಮೆಯಾದರು. ಅವರ ಮಗ ಬಿ.ಎ. ಮುಗಿಸಿ ಎರಡು ಸಲ ಬ್ಯಾಂಕಿನ ಕೆಲಸ ಸಿಗದೆ ಮನೆಯಲ್ಲಿದ್ದ. ಅದು ಮೀಸಲಾತಿಯಿಂದಲೇ ಎಂದು ಮನೆಯವರ ನಂಬಿಕೆ. ಮಗನ ಕೆಲಸ ತಿಂದವರಿಗೇ ಎತ್ತು ಕೊಡಿಸುತ್ತೀಯಲ್ಲ ಎಂದು ನಂಟರು ಚುಚ್ಚುತ್ತಿದ್ದರು. ನಿಮಗೂ ಹೊಟ್ಟೆ ಉರಿಯುವುದಿಲ್ಲವೇ ಎಂದು ಒಮ್ಮೆ ನಾನೇ ಕೇಳಿಬಿಟ್ಟೆ. ಅವರು ಸುಳ್ಳು ಹೇಳಲಿಲ್ಲ.

"ಉರೀತದೆ ಕಣ್ಲಾ, ಇಲ್ಲ ಅನ್ನಲ್ಲ. ಆ ಉರಿನ ನಿನ್ ಎತ್ತಿನ್ ಮ್ಯಾಲೆ ಯಾಕ್ ತೀರುಸ್ಕೊಳ್ಲಿ?"

ಆ ಎತ್ತಿನಿಂದ ಗಾಡಿಯಾಯಿತು, ಗಾಡಿಯಿಂದ ದನದ ವ್ಯಾಪಾರ. ನಂಜನಗೂಡಿನ ಅವರ ಮನೆಗೆ ಎಷ್ಟು ಸಲ ಹೋದರೂ ಜಗಲಿಯವರೆಗೇ. ಒಳಗೆ ಬಾ ಎಂದು ಅವರು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಚೌಕಾಶಿಯಲ್ಲಿ ಎಲ್ಲವನ್ನೂ ಒಂದೇ ದಿನ ಕೇಳಬಾರದು ಎಂದು ಆಗ ಸಮಾಧಾನ ಮಾಡಿಕೊಂಡೆ. ಈಗ ಯೋಚಿಸಿದರೆ, ಒಮ್ಮೆ ಕೇಳಬೇಕಿತ್ತು.

ಆ ದಶಕದ ಕೊನೆಗೆ ಅವರಿಗೆ ಲಕ್ವ ಹೊಡೆದು ಬಲಗೈ, ಮಾತು ಎರಡೂ ಹೋದವು. ಅಪ್ಪ ನಿಮ್ಮನ್ನೇ ಸನ್ನೆ ಮಾಡಿ ಕೇಳುತ್ತಾರೆ ಎಂದು ಮಗನೇ ನನ್ನನ್ನು ಕರೆಯಲು ಬಂದ. ಅಂದು ಮೊದಲ ಸಲ ಆ ಹೊಸಿಲು ದಾಟಿದೆ. ಮಂಚದ ಬಳಿ ಕೂರುತ್ತಿದ್ದಂತೆ ಯಜಮಾನರು ಎಡಗೈಯಿಂದ ಮಗನ ಕೈಯನ್ನು ಎಳೆದು ನನ್ನ ಕೈ ಮೇಲಿಟ್ಟರು. ಆಮೇಲೆ ನನ್ನ ಹೆಗಲ ಟವೆಲ್ ತೋರಿಸಿದರು. ದಲ್ಲಾಳಿ ಕೆಲಸವೆಂದರೆ ಮೂಗು ಮುರಿಯುತ್ತಿದ್ದ ಮಗ ತಲೆ ತಗ್ಗಿಸಿದ್ದ. ಟವೆಲ್ ಹೊದಿಸಿ ಹಿಡಿದೆ. ಅವನ ಅಂಗೈ ನೀರಾಗಿತ್ತು.

"ಒರುಸ್ಕೊಳಿ" ಎಂದೆ. "ಬೆವತ ಕೈನ ಎದ್ರುನವ್ನು ಓದ್ಬುಡ್ತಾನೆ."

ಮಂಚದ ಮೇಲೆ ಯಜಮಾನರ ತುಟಿ ಒಂದು ಕಡೆ ಮಾತ್ರ ನಕ್ಕಿತು. ಆ ವರ್ಷದ ಕಾರ್ತೀಕ ಕಳೆಯುವುದರೊಳಗೆ ಅವರು ತೀರಿಕೊಂಡರು.

ಮಗನನ್ನು ಅದೇ ಹುಣಸೆಮರದ ಬುಡದಲ್ಲಿ ಕೂರಿಸಿಕೊಂಡು ಕಲಿಸಿದೆ. ನೂರು, ಇನ್ನೂರು ಬೇಗ ಹತ್ತಿದವು. ಐವತ್ತಕ್ಕೆ ಬಂದಾಗ ನಾನು ತಡವರಿಸಿದೆ. ನನಗೆ ಅದು ಗೊತ್ತಿದ್ದದ್ದು ಆ ಮೊಂಡುಬೆರಳಿನ ಒತ್ತಿನಲ್ಲಿ ಮಾತ್ರ. ಟವೆಲಿನ ಕೆಳಗೆ ನನ್ನ ಉಂಗುರಬೆರಳನ್ನು ಅರ್ಧಕ್ಕೆ ಮಡಿಸಿ ಅವನ ಅಂಗೈಗೆ ಒತ್ತಿದೆ.