ನಲವತ್ತು ಹೆಜ್ಜೆ

ಡಬ್ಲರ್ ಅಂದರೇನು ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನು ಯಾಕೆ ಇಷ್ಟು ಉರಿದುಬೀಳುತ್ತಿದ್ದೇನೆ ಎಂಬುದು ನಿಮಗೆ ಅರ್ಥವಾಗುವುದಿಲ್ಲ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಸಿಕ್ಕಿಸುವ, ಮುಷ್ಟಿಯಷ್ಟು ದಪ್ಪದ ಗಾಜಿನ ಕೊಳವೆ ಅದು. ದೊಡ್ಡ ಹೆಸರು ಟೆಲಿಕನ್ವರ್ಟರ್. ದೂರದ್ದನ್ನು ಎರಡು ಪಟ್ಟು ದೊಡ್ಡದಾಗಿ ತೋರಿಸುವುದರಿಂದ ನಮ್ಮ ಅಂಗಡಿಯಲ್ಲಿ ಅದು ಡಬ್ಲರ್. ಪುಕ್ಕಟೆಯಾಗಿ ಏನೂ ತೋರಿಸುವುದಿಲ್ಲ ಮತ್ತೆ. ಬೆಳಕಿನಲ್ಲಿ ಮುಕ್ಕಾಲು ಪಾಲನ್ನು ತಾನೇ ನುಂಗುತ್ತದೆ, ಚಿತ್ರದ ಅಂಚು ಮೆತ್ತಗಾಗುತ್ತದೆ, ಫೋಕಸ್ ಮೊಂಡು ಹಿಡಿಯುತ್ತದೆ. ಉದ್ದ ಲೆನ್ಸ್ ಕೊಳ್ಳುವ ತಾಕತ್ತಿದ್ದವರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. ಮುರಿಯಲಿ. ಮೂವತ್ತು ವರ್ಷದಿಂದ ಕ್ಯಾಮೆರಾ ರಿಪೇರಿ ಮಾಡುತ್ತಿದ್ದೇನೆ. ಆ ಕೊಳವೆಯ ಮರ್ಯಾದೆ ಉಳಿಸಿದವರು ನನಗೆ ಗೊತ್ತಿರುವಂತೆ ಒಬ್ಬರೇ. ಅವರು ಎಕ್ಸ್‌ರೇ ಅಕ್ಕ.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವರ ಕೆಲಸ. ಕಿಟಕಿಯಿಲ್ಲದ ಕೋಣೆ, ಸೀಸದ ತಗಡು ಹೊಡೆದ ಬಾಗಿಲು. ದಿನವಿಡೀ ಜನರ ಮೂಳೆ ನೋಡಿ ನೋಡಿ ಸಾಕಾಗಿ, ಬಿಸಿಲಲ್ಲಿ ಓಡಾಡುವ ಜೀವ ಏನಾದರೂ ನೋಡೋಣ ಅನ್ನಿಸಿತಂತೆ. ಆರು ವರ್ಷದ ಹಿಂದೆ, ಯಾರೋ ಬಳಸಿ ಬಿಟ್ಟಿದ್ದ ಕ್ಯಾಮೆರಾ, ಅದಕ್ಕೊಂದು ಇನ್ನೂರು ಎಂಎಂ ಅಳತೆಯ ಹಳೇ ಲೆನ್ಸ್ ಹಿಡಿದುಕೊಂಡು ನನ್ನ ಮೆಟ್ಟಿಲ ಕೆಳಗಿನ ಅಂಗಡಿಗೆ ತಲೆ ತಗ್ಗಿಸಿ ಬಂದರು.

"ಇದು ಹಕ್ಕಿಗೆ ಸಾಲಲ್ಲ ಅಣ್ಣ. ಹತ್ರ ಹೋದ್ರೆ ಹಾರಿಹೋಗುತ್ತೆ, ದೂರ ನಿಂತ್ರೆ ಸಾಸಿವೆಕಾಳು," ಅಂದರು.

ಉದ್ದ ಲೆನ್ಸಿನ ಬೆಲೆ ಹೇಳಿದೆ. ನಕ್ಕುಬಿಟ್ಟರು. "ಅಷ್ಟಕ್ಕೆ ನಮ್ಮ ಆಸ್ಪತ್ರೆಗೆ ಹೊಸ ಮೆಷಿನ್ನೇ ಬರುತ್ತೆ."

ಅವತ್ತಿನಿಂದ ಅವರಿಗೆ ನಾನು ಅಣ್ಣ, ನನಗೆ ಅವರು ಅಕ್ಕ. ಇಬ್ಬರಿಗೂ ಐವತ್ತರ ಆಸುಪಾಸು. ನಿಜವಾಗಿ ಯಾರು ದೊಡ್ಡವರು ಎಂದು ಇಬ್ಬರೂ ಕೇಳಲಿಲ್ಲ.

ಕೆಟ್ಟ ಕ್ಯಾಮೆರಾಗಳ ಡಬ್ಬದಲ್ಲಿ ಬೂಸಲು ಹಿಡಿದ ಒಂದು ಡಬ್ಲರ್ ಬಿದ್ದಿತ್ತು. ಬಿಚ್ಚಿ, ಗಾಜು ಒರೆಸಿ, ಜೋಡಿಸಿ ಕೊಟ್ಟೆ. ಷರತ್ತುಗಳನ್ನೂ ಹೇಳಿದೆ. ಒಳ್ಳೇ ಬಿಸಿಲಿದ್ದಾಗ ಮಾತ್ರ ಹಾಕಬೇಕು. ಬೆಳಕು ಬರುವ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಒಂದು ಗುರುತು ಕಿರಿದು ಮಾಡಬೇಕು. ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ಎಲ್ಲಕ್ಕಿಂತ ಮುಖ್ಯ, ಕೈ ಅಲುಗಬಾರದು. ಡಬ್ಲರ್ ಹಕ್ಕಿಯನ್ನಷ್ಟೇ ಅಲ್ಲ, ನಮ್ಮ ನಡುಕವನ್ನೂ ಎರಡು ಪಟ್ಟು ಮಾಡುತ್ತದೆ.

"ದಿನಾ ನೂರು ಜನಕ್ಕೆ ಅದನ್ನೇ ಹೇಳ್ತೀನಲ್ಲ, ಉಸಿರು ಹಿಡ್ಕೊಳಿ, ಅಲ್ಲಾಡ್ಬೇಡಿ ಅಂತ. ಇನ್ಮೇಲೆ ನನಗೆ ನಾನೇ ಹೇಳ್ಕೊಂಡ್ರಾಯ್ತು," ಅಂದರು ಅಕ್ಕ.

ತಮಾಷೆಗೆ ಅಂದರು ಎಂದುಕೊಂಡಿದ್ದೆ. ಆ ಹೆಂಗಸು ಅದನ್ನು ಅಕ್ಷರಶಃ ಮಾಡಿ ತೋರಿಸಿದರು. ಎಕ್ಸ್‌ರೇ ತೆಗೆಯುವಾಗ ರೋಗಿಯ ಕೈಕಾಲು ಅಲುಗದಂತೆ ಒತ್ತಿಡಲು ಮರಳಿನ ಚೀಲ ಇರುತ್ತದಂತೆ. ಅಂಥದೇ ಒಂದನ್ನು ಮನೆಯಲ್ಲಿ ಹೊಲಿದುಕೊಂಡರು. ಅದನ್ನು ಗೋಡೆಯ ಮೇಲಿಟ್ಟು, ಅದರ ಮೇಲೆ ಲೆನ್ಸ್ ಊರಿ, ಅರ್ಧ ಗಂಟೆ ಅಲುಗದೆ ನಿಲ್ಲುತ್ತಿದ್ದರು. ನಲವತ್ತು ತೆಗೆದರೆ ಒಂದು ನೆಟ್ಟಗಿರುತ್ತಿತ್ತು. ಆ ಒಂದನ್ನು ನನಗೆ ತಂದು ತೋರಿಸುತ್ತಿದ್ದರು. ಬೇರೆ ಯಾರಿಗೂ ತೋರಿಸುತ್ತಿರಲಿಲ್ಲ. ಪ್ರದರ್ಶನಕ್ಕೆ ಕಳಿಸಿ ಅಂದರೆ, "ಹೋಗ್ಲಿ ಬಿಡಿ, ನನಗೂ ನಿಮಗೂ ಗೊತ್ತಲ್ಲ, ಸಾಕು," ಅನ್ನುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿ ನನಗೆ ಒಳಗೊಳಗೇ ಹಿಗ್ಗು.

ಈ ವರ್ಷ ಅವರು ತಂದದ್ದು ಗೂಬೆಯ ಚಿತ್ರ. ಆಸ್ಪತ್ರೆಯ ಹಿಂದೆ, ಬಟ್ಟೆ ಒಣಹಾಕುವ ತಂತಿಗಳಾಚೆ ಒಂದು ಹಳೇ ಮರವಿದೆ. ಎರಡಾಳೆತ್ತರದಲ್ಲಿ ಪೊಟರೆ. ಪೊಟರೆಯ ಬಾಯಿಗೆ ಅಡ್ಡಲಾಗಿ ಒಂದು ಎಲೆತುಂಬಿದ ರೆಂಬೆ. ಒಳಗೆ ಪುಟ್ಟ ಜಾತಿಯ ಗೂಬೆ ಜೋಡಿ, ಅವಕ್ಕೆ ಎರಡು ಮರಿ. ಅಕ್ಕ ತಿಂಗಳಿಡೀ ಡ್ಯೂಟಿಗೆ ಮುಂಚೆ ಹೋಗಿ ಹೆಜ್ಜೆ ಎಣಿಸಿದ್ದರು. ಮೂವತ್ತು ಹೆಜ್ಜೆಗೆ ಬಂದರೆ ತಾಯಿ ಗೂಬೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಿತ್ತು, ಅಂದರೆ ಹೆದರಿಕೆ. ನಲವತ್ತರಲ್ಲಿ ನಿಂತರೆ ಅರ್ಧ ಕಣ್ಣು ಮುಚ್ಚಿ ಬಿಸಿಲು ಕಾಯುತ್ತ ಕೂತಿರುತ್ತಿತ್ತು. ಹಾಗಾಗಿ ನಲವತ್ತು. ಡಬ್ಲರ್ ಇರುವುದೇ ಅದಕ್ಕಲ್ಲವೇ?

ಚಿತ್ರ ಮೆತ್ತಗಿತ್ತು, ನಿಜ. ಕೆಳಗಿನ ಮೂಲೆಯಲ್ಲಿ ಆ ರೆಂಬೆಯ ಎಲೆಯೊಂದು ಹಸಿರು ಕಲೆಯಾಗಿ ಬಂದಿತ್ತು. ಆದರೆ ಮೂರು ಮುಖ ನೆಮ್ಮದಿಯಾಗಿದ್ದವು. ಹೆದರದ ಗೂಬೆಯ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

"ಮರಿ ಹಾರೋವರೆಗೂ ಯಾರಿಗೂ ಜಾಗ ಹೇಳ್ಬೇಡಿ ಅಣ್ಣ. ನಿಮಗೊಬ್ಬರಿಗೇ ಹೇಳಿರೋದು."

"ನನ್ನ ಬಾಯಿಂದ ಆಚೆ ಹೋಗಲ್ಲ ಅಕ್ಕ," ಅಂದೆ. ಒಂದು ಪ್ರಿಂಟನ್ನು ಡ್ರಾಯರಿನಲ್ಲಿಟ್ಟುಕೊಂಡೆ.

ಇನ್ನು ಡ್ರಾಯಿಂಗ್ ಮೇಷ್ಟ್ರ ವಿಷಯ. ನಮ್ಮ ಫೋಟೋ ಕ್ಲಬ್ಬಿನ ಹಿರಿಯರು, ನನಗೆ ಇಪ್ಪತ್ತು ವರ್ಷದ ಸ್ನೇಹಿತರು. ಸಂಜೆ ನನ್ನ ಸ್ಟೂಲಿನ ಮೇಲೆ ಕೂತು ಒಂದು ಲೋಟ ಚಹಾ ಕುಡಿಯದೆ ಮನೆಗೆ ಹೋದವರಲ್ಲ. ಅವರ ಉದ್ದ ಲೆನ್ಸಿನ ಫೋಕಸ್ ಬಳೆ ಸಿಕ್ಕಿಕೊಂಡಿತ್ತು. ರಿಪೇರಿಗೆ ಕೊಟ್ಟಿದ್ದರು, ಬಿಡಿಭಾಗ ಬರುವುದು ಮೂರು ವಾರ ತಡ ಎಂದು ನಾನು ಹೇಳಿದ್ದೆ. ಅದು ನನ್ನ ಮೇಜಿನ ಮೇಲೆ ಬಿಚ್ಚಿಕೊಂಡೇ ಬಿದ್ದಿತ್ತು. ಅವತ್ತು ಮಾತಿಗೆ ಮಾತು ಬಂದು ಡಬ್ಲರಿನ ಸುದ್ದಿ ಬಂತು.

"ಅದು ಬಡವರ ಭೂತಗನ್ನಡಿ ಕಣಯ್ಯ. ಅದ್ರಲ್ಲಿ ಗೂಬೆನೂ ಒಂದೇ, ಗುಬ್ಬಿನೂ ಒಂದೇ," ಅಂದರು ಮೇಷ್ಟ್ರು.

ಗೂಬೆ ಅನ್ನುವ ಪದವೇ ಬೇಕಾಗಿತ್ತೇ ಆ ಮನುಷ್ಯನಿಗೆ? ನನಗೆ ಮೈಯೆಲ್ಲ ಉರಿಯಿತು. ಡ್ರಾಯರ್ ಎಳೆದು ಪ್ರಿಂಟ್ ತೆಗೆದು ಅವರ ಮುಂದೆ ಇಟ್ಟೆ. ನೋಡಿದರು. ಬಹಳ ಹೊತ್ತು ನೋಡಿದರು.

"ಎಲ್ಲಿ ಇದು?"

"ಅದನ್ನೆಲ್ಲ ಹೇಳಂಗಿಲ್ಲ."

"ನನಗೂ ಹೇಳಂಗಿಲ್ವಾ? ಇರಲಿ ಬಿಡು. ಇಪ್ಪತ್ತು ವರ್ಷ ನಿನ್ನ ಚಹಾ ಕುಡಿದಿದ್ದೇ ತಪ್ಪಾಯ್ತು," ಎಂದು ಲೋಟ ಕೆಳಗಿಟ್ಟು ಎದ್ದರು. ಮುಖ ಸಣ್ಣದು ಮಾಡಿಕೊಂಡಿದ್ದರು. ನಾನು ಕರಗಿದೆ. ಎಕ್ಸ್‌ರೇ ಅಕ್ಕ ಕೆಲಸ ಮಾಡುವ ಕಡೆಯೇ ಹಿಂದಗಡೆ, ಅಂದೆ. ಅಷ್ಟೇ ಅಂದದ್ದು. ಅಷ್ಟು ಸಾಕಿತ್ತು.

ಮೇಷ್ಟ್ರು ನನ್ನ ಎರಡೂ ಕೈ ಹಿಡಿದುಕೊಂಡರು. "ದೂರದಿಂದ್ಲೇ ತೆಗಿತೀನಯ್ಯ. ನಿನ್ನ ಹತ್ರ ಇನ್ನೊಂದು ಡಬ್ಲರ್ ಇದ್ರೆ ಕೊಡು. ಅಕ್ಕ ಎಷ್ಟು ಹೆಜ್ಜೆಯಿಂದ ತೆಗೆದ್ರು?" ನಲವತ್ತು ಅಂದೆ. "ಹಾಗಾದ್ರೆ ನನಗೂ ನಲವತ್ತೇ."

ಡಬ್ಲರನ್ನು ಹೀಗಳೆದ ಬಾಯಿಯೇ ಡಬ್ಲರ್ ಕೇಳಿತಲ್ಲ ಎಂದು ಉಬ್ಬಿಹೋದೆ. ಒರೆಸಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟೆ.

ಎರಡು ವಾರ ಕಳೆದಿರಬೇಕು. ಅಕ್ಕ ಕ್ಯಾಮೆರಾ ಇಲ್ಲದೆ ಬರಿಗೈಯಲ್ಲಿ ಬಂದರು. ಬಂದವರು ನಿಂತೇ ಇದ್ದರು.

"ರೆಂಬೆ ಕಡಿದುಬಿಟ್ಟಿದ್ದಾರೆ ಅಣ್ಣ. ಗರಗಸದಲ್ಲಿ. ಪೊಟರೆ ಬಾಯಿ ಬಟಾಬಯಲು. ಕಾಗೆಗಳು ಮರಿನ ಎತ್ಕೊಂಡು ಹೋದವಂತೆ, ಬಟ್ಟೆ ಒಗೆಯೋವ್ರು ನೋಡಿದ್ರಂತೆ. ದೊಡ್ಡವೆರಡೂ ಕಾಣ್ತಿಲ್ಲ."

ಇದು ಮೇಷ್ಟ್ರ ಕೆಲಸ ಎಂದು ನನಗೆ ಹೊಳೆಯಲೇ ಇಲ್ಲ, ಆಣೆಯಿಟ್ಟು ಹೇಳುತ್ತೇನೆ. ಡಬ್ಲರ್ ಕೊಟ್ಟಿದ್ದೆನಲ್ಲ, ಅವರಿಗೆ ಹತ್ತಿರ ಹೋಗುವ ಅಗತ್ಯವೇನು? ಆಸ್ಪತ್ರೆಯ ತೋಟದವನೇ ಕಡಿದಿರಬೇಕು ಅಂದೆ. ಅಕ್ಕನೂ ಇದ್ದರೂ ಇರಬಹುದು ಅಂದರು. ಆ ಬಡಪಾಯಿಯ ತಲೆ ಮೇಲೆ ಗೂಬೆ ಕೂರಿಸಿ ಇಬ್ಬರೂ ಒಂದಿಷ್ಟು ಬೈದೆವು. ಗೂಬೆ ಕೂರಬೇಕಾದ ತಲೆ ಯಾವುದು ಎಂದು ನನಗೆ ಗೊತ್ತಾದದ್ದು ಆಮೇಲೆ.

ಕ್ಲಬ್ಬಿನ ಪ್ರದರ್ಶನ ಗ್ರಂಥಾಲಯದ ಹಾಲಿನಲ್ಲಿ. ಬಾಗಿಲಿಗೆ ಎದುರಾಗಿ, ಕಿಟಕಿಯಷ್ಟು ಅಗಲದ ಚೌಕಟ್ಟಿನಲ್ಲಿ, ತಾಯಿ ಗೂಬೆ, ಎರಡು ಮರಿ. ಒಂದೊಂದು ಪುಕ್ಕ ಎಣಿಸಬಹುದಿತ್ತು. ಮೊದಲ ಬಹುಮಾನದ ಚೀಟಿ ಅಂಟಿಸಿದ್ದರು. ಅಡಿಯಲ್ಲಿ ಮೇಷ್ಟ್ರ ಚೆಂದದ ಅಕ್ಷರದಲ್ಲಿ ಬರೆದಿತ್ತು: 'ನಲವತ್ತು ಹೆಜ್ಜೆ ದೂರದಿಂದ, ಡಬ್ಲರ್ ಬಳಸಿ.'

ಒಂದು ಕ್ಷಣ, ನಾಚಿಕೆಯಾಗುತ್ತದೆ ಹೇಳಲು, ಖುಷಿಪಟ್ಟೆ. ನನ್ನ ಡಬ್ಲರಿಗೆ ಬಹುಮಾನ ಎಂದುಕೊಂಡೆ. ಆಮೇಲೆ ಕಣ್ಣು ಕೆಳಗಿನ ಮೂಲೆಗೆ ಹೋಯಿತು. ಅಲ್ಲಿ ಎಲೆ ಇರಲಿಲ್ಲ. ಎಲೆಯ ಮರೆಯಿಲ್ಲದ ಪೊಟರೆಯ ಬಾಯಲ್ಲಿ ತಾಯಿ ಗೂಬೆ ಮೈ ನಿಗುರಿಸಿ, ಕಣ್ಣರಳಿಸಿ ಕೂತಿತ್ತು. ಹಾಗೆ ಕೂರುವುದು ಹೆದರಿದಾಗ ಎಂದು ಅಕ್ಕ ನನಗೆ ಹೇಳಿಕೊಟ್ಟಿದ್ದರು.

ಮೇಷ್ಟ್ರು ನಗುತ್ತ ಬಂದು ಹೆಗಲಿಗೆ ಕೈ ಹಾಕಿದರು. "ನೋಡಯ್ಯ, ನಿನ್ನ ಡಬ್ಲರ್ ಹೆಸರೂ ಹಾಕಿದ್ದೀನಿ."

"ಯಾವ ಲೆನ್ಸಿಗೆ ಹಾಕಿದ್ರಿ ಮೇಷ್ಟ್ರೇ? ಉದ್ದದ್ದು ನನ್ನ ಮೇಜಿನ ಮೇಲಿದೆ."

"ಚಿಕ್ಕ ಜೂಮಿಗೆ. ಚೆನ್ನಾಗಿ ಕೂತ್ಕೊಳ್ತು."

"ಕೂರಲ್ಲ," ಅಂದೆ. "ಆ ಡಬ್ಲರಿನ ಗಾಜು ಮುಂದಕ್ಕೆ ಚಾಚಿಕೊಂಡಿರುತ್ತೆ. ನಿಮ್ಮ ಜೂಮಿನ ಹಿಂದಿನ ಗಾಜಿಗೆ ಬಡಿಯುತ್ತೆ. ಅದು ಎಲ್ಲಾ ಲೆನ್ಸಿಗೂ ಕೂರಲ್ಲ ಮೇಷ್ಟ್ರೇ. ಎಷ್ಟು ಹೆಜ್ಜೆಯಿಂದ ತೆಗೆದ್ರಿ? ಏಣಿ ಎಲ್ಲಿಂದ ತಂದ್ರಿ?"

ಅದನ್ನು ಕೊಡುವಾಗಲೇ ನನಗೆ ಹೊಳೆಯಬೇಕಿತ್ತು. ಮೂವತ್ತು ವರ್ಷ ಲೆನ್ಸ್ ಬಿಚ್ಚಿದವನು, ಅವರ ಉದ್ದ ಲೆನ್ಸನ್ನು ಕಣ್ಣೆದುರೇ ಇಟ್ಟುಕೊಂಡು, ಯಾವುದಕ್ಕೆ ಹಾಕುತ್ತೀರಿ ಎಂದು ಒಂದು ಮಾತು ಕೇಳಲಿಲ್ಲ. ಅವರಿಗೆ ಡಬ್ಲರ್ ಬೇಕಾಗಿದ್ದದ್ದು ಚಿತ್ರ ತೆಗೆಯಲು ಅಲ್ಲ, ನನಗೆ ಅನುಮಾನ ಬಾರದಿರಲು. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ.

"ಮೆಲ್ಲಗೆ ಮಾತಾಡಯ್ಯ," ಎಂದು ಮೇಷ್ಟ್ರು ಸುತ್ತ ನೋಡಿದರು. "ಒಂದು ರೆಂಬೆ ತಾನೇ, ಮತ್ತೆ ಚಿಗುರುತ್ತೆ. ಇಷ್ಟಕ್ಕೂ ಜಾಗ ಹೇಳಿದ್ದು ಯಾರು? ನೀನೇ ಅಲ್ವಾ?"

ಉತ್ತರ ಕೊಡಲು ತಿರುಗಿದೆ. ನನ್ನ ಹಿಂದೆ ಅಕ್ಕ ನಿಂತಿದ್ದರು, ಆಸ್ಪತ್ರೆಯಿಂದ ನೇರ ಬಂದವರು, ಡ್ಯೂಟಿಯ ಬಿಳಿ ಕೋಟಿನಲ್ಲೇ. ಮೇಷ್ಟ್ರನ್ನು ಅವರು ನೋಡಲೇ ಇಲ್ಲ. ಚಿತ್ರ ನೋಡಿದರು, ಆಮೇಲೆ ನನ್ನನ್ನು.

"ನಿಮಗೊಬ್ಬರಿಗೇ ಹೇಳಿದ್ದೆ," ಅಂದರು.

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಕ್ಲಬ್ಬಿನ ಕಾರ್ಯದರ್ಶಿಯ ಹತ್ತಿರ ಹೋಗಿ ಎಲ್ಲ ಹೇಳಿದೆ, ಆಗಿದ್ದು ಆಯ್ತು ಬಿಡಿ ಅಂದರು. ಮೇಷ್ಟ್ರ ಲೆನ್ಸನ್ನು ಬಿಚ್ಚಿದ್ದು ಬಿಚ್ಚಿದಂತೆಯೇ ಡಬ್ಬಕ್ಕೆ ತುಂಬಿ ಮನೆಗೆ ಕೊಟ್ಟು ಬಂದೆ, ಇನ್ನು ನನ್ನ ಅಂಗಡಿಯ ಕಡೆ ಬರಬೇಡಿ ಅಂದೆ. ನನ್ನ ಹೆಂಡತಿ ಎಲ್ಲ ಕೇಳಿಸಿಕೊಂಡು, "ಅಂಗಡಿ ತುಂಬ ಲೆನ್ಸ್ ಮುಚ್ಚಳ ಇಟ್ಕೊಂಡಿದ್ದೀರಿ, ನಿಮ್ಮ ಬಾಯಿಗೊಂದು ಸಿಗ್ಲಿಲ್ವಾ?" ಅಂದಳು. ಅಲ್ಲಿಯವರೆಗೂ ನಾನು ಮೋಸಹೋದೆ ಎಂದು ಕೂಗಾಡುತ್ತಿದ್ದೆ. ಮೋಸಹೋದವನು ನಾನೊಬ್ಬನೇ ಆಗಿರಲಿಲ್ಲ, ಮೋಸ ಮಾಡಿದವರೂ ಮೇಷ್ಟ್ರೊಬ್ಬರೇ ಅಲ್ಲ.

ಮರುದಿನ ಬೀಗ ತೆಗೆಯುವಾಗ ಬಾಗಿಲ ಹಿಡಿಕೆಗೆ ಒಂದು ಬಟ್ಟೆಯ ಚೀಲ ತೂಗುಹಾಕಿತ್ತು. ಒಳಗೆ ಅಕ್ಕನ ಡಬ್ಲರ್, ಎರಡೂ ಮುಚ್ಚಳ ಹಾಕಿ, ಒರೆಸಿ ಇಟ್ಟದ್ದು. ಚೀಟಿ ಏನಾದರೂ ಇದೆಯೇ ಎಂದು ಚೀಲ ಒಳಹೊರಗು ಮಾಡಿದೆ. ಇರಲಿಲ್ಲ.

ಹೋದ ತಿಂಗಳು ಕೆಮ್ಮು ಬಿಡದೆ ಡಾಕ್ಟರು ಎದೆಯ ಎಕ್ಸ್‌ರೇ ಬರೆದುಕೊಟ್ಟರು. ಬೇರೆ ಕಡೆ ತೆಗೆಸಬಹುದಿತ್ತು. ಮುಖ ನೋಡಿದರೆ ಏನಾದರೂ ಅಂದಾರು ಎಂಬ ಆಸೆಗೆ ಅಲ್ಲಿಗೇ ಹೋದೆ. ನೆಲಮಾಳಿಗೆಯ ಬೆಂಚಿನ ಮೇಲೆ ಸರದಿಗೆ ಕಾದು ಒಳಗೆ ಹೋದೆ. ಅಕ್ಕ ಮೇಜಿನ ಮುಂದೆ ಪೆನ್ನು ಹಿಡಿದು ಕೂತಿದ್ದರು. ತಲೆ ಎತ್ತಿ ನೋಡಿದರು, ಮತ್ತೆ ಪುಸ್ತಕ ನೋಡಿದರು.

"ಹೆಸರು?"

ಹೇಳಿದೆ. ಬರೆದುಕೊಂಡರು.

"ವಯಸ್ಸು?"

"ಐವತ್ತೊಂದು."

ಪೆನ್ನು ಒಂದು ಗಳಿಗೆ ನಿಂತಿತು, ಆಮೇಲೆ ಬರೆಯಿತು. ನಾನು ಅಣ್ಣನೋ ತಮ್ಮನೋ ಅವರಿಗೆ ಗೊತ್ತಾಯಿತು, ನನಗೆ ಹೇಳಲಿಲ್ಲ. ಅಂಗಿ ತೆಗೆದು ತಣ್ಣನೆಯ ಹಲಗೆಗೆ ಎದೆಯೊತ್ತಿ ನಿಂತೆ. ಅಕ್ಕ ನನ್ನ ಹೆಗಲನ್ನು ಎರಡು ಬೆರಳಿನಲ್ಲಿ ಹಿಡಿದು ನೇರಮಾಡಿ, ಗಾಜಿನ ಗೋಡೆಯ ಹಿಂದೆ ಹೋದರು.

"ಅಕ್ಕ," ಅಂದೆ.

"ಮಾತಾಡ್ಬೇಡಿ," ಎಂದಿತು ಆಚೆಯಿಂದ ದನಿ. "ಉಸಿರು ಹಿಡ್ಕೊಳಿ. ಅಲ್ಲಾಡ್ಬೇಡಿ."

ಹಿಡಿದುಕೊಂಡೆ. ಯಂತ್ರ ಗುಂಯ್ ಎಂದು ನಿಂತಿತು. "ಆಯ್ತು, ಹೋಗ್ಬಹುದು," ಎಂದು ಹೇಳಿ ಅವರು ಮುಂದಿನವರ ಹೆಸರು ಕೂಗಿದರು.