ಬೂಟಿಗೊಂದು ಒಳಅಟ್ಟೆ

ಬೂಟಿನ ಹೊಟ್ಟೆಯೊಳಗೆ ಬೇರೆಯೇ ಒಂದು ಅಟ್ಟೆ ಇರುತ್ತದೆ, ಅದನ್ನು ಎಳೆದು ಹೊರಗೆ ತೆಗೆಯಬಹುದು ಎಂಬ ಸತ್ಯ ಬಹುಪಾಲು ಮನುಷ್ಯರಿಗೆ ಆಯುಷ್ಯವಿಡೀ ಗೊತ್ತಾಗುವುದಿಲ್ಲ. ಗೊತ್ತಾಗುವವರಿಗೂ ನಾಯಿ ಅದನ್ನು ಅಂಗಳದಲ್ಲಿ ಹರಡಿ ಹಾಕಿದ ದಿನವೇ ಗೊತ್ತಾಗುವುದು. ನನಗೆ ಜ್ಞಾನೋದಯವಾಗಿದ್ದು ನಾಯಿಯಿಂದಲ್ಲ, ನೋವಿನಿಂದ. ಒಂದು ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಬಲ ಹಿಮ್ಮಡಿಗೆ ಯಾರೋ ಒಳಗಿನಿಂದ ಮೊಳೆ ಹೊಡೆದಂತಾಯಿತು. ಗೋಡೆ ಹಿಡಿದು ಹೊರಗೆ ಬಂದು, ಅಪರಾಧಿಯನ್ನು ಹುಡುಕುವ ದೃಷ್ಟಿಯಿಂದ ಬೂಟಿನೊಳಗೆ ಕೈಹಾಕಿ ಎಳೆದೆ. ಕರ್ರಗಿನ, ತೆಳ್ಳಗಿನ, ನಡುವೆ ಬಿರುಕುಬಿಟ್ಟ, ವಾಸನೆಯಲ್ಲಿ ಮಾತ್ರ ಇನ್ನೂ ಸಶಕ್ತವಾಗಿದ್ದ ಒಂದು ವಸ್ತು ಕೈಗೆ ಬಂತು.

"ಎಂತದು, ಹಪ್ಪಳನ?" ಎಂದು ಕೇಳಿದಳು ನನ್ನ ಹೆಂಡತಿ ಸಾವಿತ್ರಿ.

ಮರ್ಯಾದಸ್ಥರು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ.

ಗುಡ್ಡ ಹತ್ತುವವರ ಬೂಟು ನನಗೇಕೆ ಎಂದು ನೀವು ಕೇಳಬಹುದು. ಗುಡ್ಡದ ಮೇಲಿನ ನೀರನ್ನು ಮನೆಯ ಅಂಗಳಕ್ಕೆ ಇಳಿಸುವುದು ನನ್ನ ಕಸುಬು. ಮೇಲೆ ಕಾಡಿನೊಳಗೆ ಒರತೆ, ಕೆಳಗೆ ಮನೆ, ನಡುವೆ ಕಲ್ಲು, ಮುಳ್ಳು, ಕೊರಕಲುಗಳ ಮೇಲೆ ಹಾವಿನಂತೆ ಮಲಗಿದ ಕರೀ ಪೈಪು. ಮೋಟಾರಿಲ್ಲ, ಕರೆಂಟಿಲ್ಲ. ಆದರೆ ಪೈಪನ್ನು ಮಂಗ ಎಳೆಯುತ್ತದೆ, ಹಂದಿ ಕಚ್ಚುತ್ತದೆ, ಏಡಿ ಒಳಗೆ ಹೊಕ್ಕು ಸಂಸಾರ ಹೂಡುತ್ತದೆ. ಆಗೆಲ್ಲ ಮೇಲೆ ಹತ್ತಬೇಕಾದವನು ನಾನು. ಏಳನೆಯ ತರಗತಿಯಲ್ಲಿ ಶಾಲೆ ಬಿಟ್ಟೆ. ನೀರು ಕೆಳಕ್ಕೆ ಹರಿಯುತ್ತದೆ ಎಂಬುದಕ್ಕಿಂತ ಹೆಚ್ಚಿನ ಭೌತಶಾಸ್ತ್ರ ನನ್ನ ಜೀವನಕ್ಕೆ ಬೇಕಾಗಲಿಲ್ಲ. ಮನ್ಮನೆಯಿಂದ ಬಿಳಗಿಯವರೆಗೆ ಎಷ್ಟೋ ಮನೆಗಳ ಬಚ್ಚಲಲ್ಲಿ ಬೀಳುವ ನೀರು ನನ್ನ ಕೈ ದಾಟಿಯೇ ಬೀಳುತ್ತದೆ ಎಂಬ ಹೆಮ್ಮೆ ನನಗಿದೆ, ಅದನ್ನು ಮುಚ್ಚಿಡುವ ಅಭ್ಯಾಸ ಇಲ್ಲ.

ಬೂಟು ಕೊಂಡಿದ್ದು ಉಂಬಳವೆಂಬ ಕಾಡುಜಿಗಣೆ ಮತ್ತು ಪಾಚಿಗಲ್ಲಿನ ಕಾಟಕ್ಕೆ. ನಮ್ಮಲ್ಲಿ ಇಂಥ ಬೂಟು ಹಾಕುವ ಇನ್ನೊಂದು ಜಾತಿಯವರೆಂದರೆ ಜಲಪಾತ ನೋಡಲು ಬರುವ ಚಾರಣಿಗರು. ಕಾರಿನಿಂದ ಇಳಿದು ವೀಕ್ಷಣೆಯ ಕಟ್ಟೆಯವರೆಗೆ ನಡೆಯುವುದಕ್ಕೆ ಎರಡು ಕೈಯಲ್ಲೂ ಕೋಲು, ಬೆನ್ನಿಗೆ ನೀರಿನ ಚೀಲ, ಬಾಯಿಗೆ ಕೊಳವೆ. ಜಲಪಾತದ ಎದುರಿಗೇ ನಿಂತು ಕೊಳವೆಯಲ್ಲಿ ನೀರು ಹೀರುವ ಆ ದೃಶ್ಯವನ್ನು ನೋಡಿದಾಗಲೆಲ್ಲ ನನ್ನ ಕಸುಬಿಗೇ ಅವಮಾನವಾದಂತೆ ಅನ್ನಿಸುತ್ತದೆ. ಇಂಥವರ ಪಾದರಕ್ಷೆಯನ್ನು ನಾನೂ ಹಾಕಿದ್ದೇನೆ ಎಂಬ ಸಂಕೋಚದಿಂದ, ಹೊಸತಾಗಿದ್ದಾಗ ಅದಕ್ಕೆ ಬೇಕೆಂದೇ ಸಗಣಿ ಮೆತ್ತಿಕೊಂಡು ತಿರುಗಿದ್ದೆ.

ಹಿಮ್ಮಡಿ ನೋವಿನ ಸುದ್ದಿ ಹರಡಿದ್ದೇ ತಡ, ಸಲಹೆಗಳು ಬಂದವು. ನೀರಿಗೆ ಪೈಪಾದರೂ ಬೇಕು, ಸಲಹೆಗೆ ಅದೂ ಬೇಡ. ಒಬ್ಬರು ತೆಂಗಿನ ನಾರು ತುಂಬು ಎಂದರು. ಮತ್ತೊಬ್ಬರು ಹಾಳೆ ಕತ್ತರಿಸಿ ಹಾಕು ಎಂದರು; ಟೊಪ್ಪಿಯಿಂದ ಹಿಡಿದು ಊಟದ ತಟ್ಟೆಯವರೆಗೆ ಎಲ್ಲವನ್ನೂ ಅಡಿಕೆ ಹಾಳೆಯಲ್ಲಿ ಮಾಡುವ ಜನಕ್ಕೆ ಇನ್ನೇನು ತಾನೆ ಹೊಳೆದೀತು! ಹಾಕಿ ನೋಡಿದೆ. ಒಣಗಿದ್ದಾಗ ಹೆಜ್ಜೆಗೊಮ್ಮೆ ಕಪ್ಪೆಯಂತೆ ಕೂಗಿತು, ಒದ್ದೆಯಾದ ಮೇಲೆ ಬೂಟಿನೊಳಗೇ ನನ್ನನ್ನು ಜಾರಿಸಿತು.

ಇಷ್ಟರಲ್ಲಿ ಭಾಗೀರಥಿ ಅತ್ತಿಗೆಯ ಕರೆ ಬಂತು. ಅತ್ತಿಗೆ ಎಂದರೆ ನೆಂಟಸ್ತಿಕೆಯಿಂದಲ್ಲ, ಬಿಳಗಿ ಬದಿಯ ಆ ಮನೆಗೆ ಹೋಗಿ ಹೋಗಿ ಆದ ಅತ್ತಿಗೆ. ಜಮೀನು, ಜಾನುವಾರು, ಎಲ್ಲ ವ್ಯವಹಾರವೂ ಅವರ ಕೈಯಲ್ಲೇ. ಅವರ ಮನೆಯ ಪೈಪು ನಾನು ಎಳೆದವುಗಳಲ್ಲೆಲ್ಲ ಉದ್ದದ್ದು, ನನ್ನ ಮುಖ್ಯ ಕೃತಿ ಎನ್ನಿ. ಈ ವರ್ಷ ಹಳೆಯ ಒರತೆ ಸೊರಗಿತ್ತು. ಪೈಪಿನ ಬಾಯನ್ನು ಇನ್ನೂ ಮೇಲಿನ ಗುಂಡಿಗೆ ಒಯ್ಯಬೇಕಿತ್ತು.

"ತಮಾ, ನಿಂಗೆ ಹತ್ತಲೆ ಆಗ್ತಿಲ್ಲೆ ಅಂದ್ರೆ ಹೇಳು. ಹೇಳಲೆ ನಾಚಿಕೆ ಎಂತಕ್ಕೆ?" ಎಂದರು ಅತ್ತಿಗೆ ಫೋನಿನಲ್ಲಿ. "ಯಲ್ಲಾಪುರ ಬದಿ ಗಜಾನನ ಬತ್ನಡ. ಬರಿಗಾಲಲ್ಲೇ ಹತ್ತತ್ನಡ."

ಗಜಾನನ! ಪೈಪಿನ ಜೋಡಣೆಗೆ ಸೈಕಲ್ ಟ್ಯೂಬು ಸುತ್ತಿ ಹೋಗುವವ. ನನ್ನ ಪೈಪಿಗೆ ಅವನ ಕೈ ತಾಗುವುದೆಂದರೆ, ನಾನು ಇನ್ನು ಮನೆಯಲ್ಲಿ ಕೂತು ಸಲಹೆ ಕೊಡುವವರ ಸಾಲಿಗೆ ಸೇರಿದೆ ಎಂದೇ ಅರ್ಥ. ಆ ಸಾಲಿನಲ್ಲಿ ಎಂಥವರೆಲ್ಲ ಇದ್ದಾರೆಂದು ಆಗಲೇ ನೋಡಿಯಾಗಿತ್ತಲ್ಲ. ನಾಡಿದ್ದು ಬರುತ್ತೇನೆ ಎಂದು ಹೇಳಿ, ಮರುದಿನವೇ ಶಿರಸಿಯ ಬಸ್ಸು ಹತ್ತಿದೆ.

ಶಿರಸಿಯ ಆ ಅಂಗಡಿಯಲ್ಲಿ ಒಳಅಟ್ಟೆಗಳಿಗೆಂದೇ ಒಂದು ಗೋಡೆ ಇತ್ತು. ಜೆಲ್ ಎಂಬ ಲೋಳೆಯದು, ಬೆರಳೊತ್ತಿದರೆ ಕುಳಿ ನೆನಪಿಟ್ಟುಕೊಳ್ಳುವುದು, ಗಾಳಿ ಆಡುವುದು, ಗಾಳಿ ತುಂಬಿದ್ದು, ಇದ್ದಿಲು ಸೇರಿಸಿದ್ದು. ಪ್ರತಿ ಡಬ್ಬಿಯ ಮೇಲೂ ಒಂದು ಪರ್ವತ, ಪರ್ವತದ ತುದಿಯಲ್ಲಿ ಕೈ ಎತ್ತಿ ನಿಂತ ಒಬ್ಬ. ಹತ್ತುತ್ತಿರುವವನ ಚಿತ್ರ ಒಂದರ ಮೇಲೂ ಇರಲಿಲ್ಲ. ನೆನಪಿಟ್ಟುಕೊಳ್ಳುವ ಅಟ್ಟೆಯ ಬಗ್ಗೆ ಮಾತ್ರ ನನಗೆ ಭಯವಾಯಿತು. ನಾನು ತುಳಿದದ್ದನ್ನೆಲ್ಲ ನೆನಪಿಟ್ಟುಕೊಂಡರೆ ಅದರ ಗತಿ ಏನು!

ಅಂಗಡಿಯವರು ಬನವಾಸಿ ಕಡೆಯ ಹಿರಿಯರು, ಹಣೆಯ ಮೇಲೆ ವಿಭೂತಿ, ನನ್ನ ತಂದೆಯ ವಯಸ್ಸು.

"ಬರ್ರಿ, ಕುಂದರ್ರಿ. ಎಲ್ಲಿ, ಪಾದ ತೋರಸ್ರಿ. ಅಂಗಾಲಿನ ಕಮಾನ ಎಷ್ಟೈತಿ ನೋಡೂಣು" ಎನ್ನುತ್ತ ಅವರು ನನ್ನೆದುರು ಮಂಡಿಯೂರಿ ಕೈ ಚಾಚಿದರು.

ಅಪ್ಪನ ವಯಸ್ಸಿನವರ ಮುಂದೆ ಕಾಲು ಚಾಚಿ ಕೂರದ, ಗೊತ್ತಿಲ್ಲದೆ ಕಾಲು ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಾವು, ಅಂಥವರ ಕೈಗೆ ಕೊಳಕು ಅಂಗಾಲು ಕೊಡುವುದುಂಟೆ? ಧಡಕ್ಕನೆ ಎರಡೂ ಕಾಲನ್ನು ಕುರ್ಚಿಯ ಅಡಿಗೆ ಸರಿಸಿ, "ಬ್ಯಾಡ ಬ್ಯಾಡ, ನನ್ನ ಕಮಾನು ಸರೀ ಇದ್ದು" ಎಂದುಬಿಟ್ಟೆ.

"ನೋಡೀರೇನ್ರಿ ಯಾವಾಗರ?"

"ಗುಡ್ಡ ಹತ್ತವ್ರ ಕಾಲು. ನೋಡದು ಎಂತದು ಅದ್ರಲ್ಲಿ?"

ಇಷ್ಟು ಹೇಳಿದ ಮೇಲೆ ಸಾಧಾರಣದ್ದನ್ನು ಕೊಳ್ಳುವ ಹಾಗಿಲ್ಲ. ನಡುವೆ ಸೇತುವೆಯಂತೆ ಉಬ್ಬಿದ, ಕಲ್ಲಿನಷ್ಟು ಗಟ್ಟಿಯಾದ, ಡಬ್ಬಿಯ ಮೇಲೆ ಎಲ್ಲಕ್ಕಿಂತ ಎತ್ತರದ ಪರ್ವತವಿದ್ದುದನ್ನೇ ಆರಿಸಿದೆ. ಹಿರಿಯರು ಏನೋ ಹೇಳಬೇಕೆಂದು ಬಾಯಿ ತೆರೆದು, ನನ್ನ ಮುಖ ನೋಡಿ, ಕಟ್ಟಿಕೊಟ್ಟರು.

ಅಂದುಕೊಂಡ ದಿನ ಅತ್ತಿಗೆಯ ಗುಡ್ಡ ಹತ್ತಿದೆ. ಒಳಗಿನ ಸೇತುವೆ ಪ್ರತಿ ಹೆಜ್ಜೆಗೂ ನನ್ನ ಪಾದವನ್ನು ನಡುವಿನಿಂದ ಮುರಿಯಲು ಯತ್ನಿಸಿತು. ಇದು ಹೊಸದರ ಬಿಗು, ಪಳಗುತ್ತದೆ ಎಂದು ಹಲ್ಲುಕಚ್ಚಿ ಅರ್ಧ ದಾರಿಯವರೆಗೆ ಹೊಸ ಪೈಪಿನ ಸುರುಳಿ ಬಿಚ್ಚಿ ಹಾಸಿದೆ. ಪಳಗಿದ್ದು ನಾನು. ಹಿಮ್ಮಡಿಗೆ ಮೊಳೆ ಹೊಡೆಯುತ್ತಿದ್ದವನು ಈಗ ಇನ್ನೂ ದೊಡ್ಡ ಸುತ್ತಿಗೆ ಹಿಡಿದು ಬಂದಿದ್ದ. ಕಪ್ಪಾಗುವ ಹೊತ್ತಿಗೆ ಯಾರೂ ಇಲ್ಲವೆಂದು ನೋಡಿಕೊಂಡು ಬೂಟು ಕಳಚಿ, ಲೇಸು ಕಟ್ಟಿ ಕೊರಳಿಗೆ ನೇತುಹಾಕಿಕೊಂಡು, ಎಲ್ಲಿ ಕಾಲಿಟ್ಟೆನೆಂಬ ಗೊಡವೆಯಿಲ್ಲದೆ ಇಳಿದು, ಅತ್ತಿಗೆಯ ಅಂಗಳಕ್ಕೂ ಹೋಗದೆ ಅವರ ಹಿತ್ತಿಲ ದಾರಿಯಿಂದ ನನ್ನ ಮನೆ ಸೇರಿದೆ.

ಮರುದಿನ ಬೆಳಿಗ್ಗೆ ಹೋದಾಗ ಅತ್ತಿಗೆ ಹಿತ್ತಿಲ ಮೇಲಿನ ತೊಟ್ಟಿಯ ಬಳಿಯೇ ಕಾಯುತ್ತಿದ್ದರು. ತೊಟ್ಟಿಯ ಸುತ್ತ ಜೇಡಿಮಣ್ಣು. ಅಲ್ಲಿ ಯಾವ ಪ್ರಾಣಿ ನೀರಿಗೆ ಬಂತು, ಯಾವಾಗ ಬಂತು ಎಂದು ಹೆಜ್ಜೆ ನೋಡಿ ಹೇಳುವುದು ನನ್ನ ಹಳೆಯ ಜಂಬ. ಅಂದು ಅಲ್ಲಿ ಮನುಷ್ಯನ ಬರಿಗಾಲಿನ ಹೆಜ್ಜೆಗಳಿದ್ದವು. ಮೇಲಿನಿಂದ ಇಳಿದು ಬಂದವು! ನಾನಿಲ್ಲದ ಹೊತ್ತಿನಲ್ಲಿ ಯಾರೋ ಒರತೆಯವರೆಗೆ ಹೋಗಿ ನೋಡಿಕೊಂಡು ಬಂದಿದ್ದಾನೆ, ಅದು ಇನ್ನಾರು?

"ಅತ್ತಿಗೆ, ಗಜಾನನ್ನ ಕರೆಸಿದ್ದೆ ಅಲ್ದಾ? ಕರೆಸಿದ್ರೆ ಹೇಳಕ್ಕಾಗಿತ್ತು" ಎಂದೆ.

"ಆನೆಂತಕ್ಕೆ ಕರೆಸಲಿ?"

"ಹಂಗಾರೆ ಇದ್ಯಾರದು? ನೋಡಿಲ್ಲಿ." ನಾನು ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ತೋರಿಸುತ್ತ, ಆ ಹೆಜ್ಜೆಯ ಜಾತಕವನ್ನೇ ಬಿಡಿಸಿದೆ. "ನಡುವಿಗೆ ಸೊಂಟವೇ ಇಲ್ಲೆ, ರೊಟ್ಟಿ ಬಡದಂಗಿದ್ದು. ಬಲ ಹಿಮ್ಮಡಿ ಊರಲೆ ಹೆದರ್ತ, ಬೆರಳ ಮೇಲೇ ನಡೆತ. ಅಲ್ಲಿ ಎರಡು ಕಡೆ ಜಾರಿದ್ದ. ಹೊಣೆ ಇಲ್ದಿದ್ದ ಕಾಲು ಇದು ಅತ್ತಿಗೆ. ಇಂಥವನ್ನ ಗುಡ್ಡ ಹತ್ತಸವ್ರಿಗೆ ತಲೆ ಸಮ ಇಲ್ಲೆ."

ಅತ್ತಿಗೆ ಹೆಜ್ಜೆಯನ್ನು ನೋಡಿದರು, ನನ್ನನ್ನು ನೋಡಿದರು, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ತಮಾ, ನಿನ್ನೆ ಸಂಜಪ್ಪಾಗ ಬೂಟು ಕೊರಳಿಗೆ ಹಾಕ್ಯಂಡು, ಕಳ್ಳನಂಗೆ ಇಳದವ ಯಾರು? ಆನು ಕೊಟ್ಟಿಗೆಲಿದ್ದಿದ್ದೆ."

ನಾನು ಬೂಟು ಬಿಚ್ಚಿ ಒಂದು ಹೆಜ್ಜೆಯೊಳಗೆ ಬಲಗಾಲು ಇಟ್ಟೆ. ಮುಚ್ಚಳ ಕೂತಂತೆ ಕೂತಿತು. ಇಷ್ಟು ವರ್ಷ ಈ ಕಾಡಿನ ಕಡವೆ, ಹಂದಿ, ಮುಳ್ಳುಹಂದಿಗಳ ಹೆಜ್ಜೆಯನ್ನೆಲ್ಲ ಹೆಸರು ಹಿಡಿದು ಕರೆದವನು ನಾನು. ನನ್ನ ಹೆಜ್ಜೆಯನ್ನು ಮಾತ್ರ ಎಂದೂ ನೋಡಿರಲಿಲ್ಲ. ನೋಡಿದ ಮೊದಲ ಸಲವೇ ಕೆಲಸದಿಂದ ತೆಗೆದುಹಾಕಿದ್ದೆ.

ಅತ್ತಿಗೆ ನಗಲಿಲ್ಲ. ನಕ್ಕಿದ್ದರೆ ಸಲೀಸಾಗಿತ್ತು. "ಹಂಗಾರೆ ಇವನ್ನ ಗುಡ್ಡ ಹತ್ತಸದು ಬ್ಯಾಡ ಹೇಳಾತು" ಎಂದರು, ಲೆಕ್ಕ ಮುಗಿಸುವವರ ಧ್ವನಿಯಲ್ಲಿ. ತೊಟ್ಟಿಯ ತಳದಲ್ಲಿ ಅಂಗೈಯಷ್ಟು ನೀರಿತ್ತು. ಅವರ ದನ ಕರು, ಬಚ್ಚಲು, ಅಡುಗೆ ಎಲ್ಲವೂ ಆ ಅಂಗೈಯನ್ನು ನಂಬಿಕೊಂಡಿದ್ದವು. ಹಟದ ಮಾತಿಗೆ ಅಲ್ಲಿ ಜಾಗವಿರಲಿಲ್ಲ.

"ಹತ್ತಸು ಅತ್ತಿಗೆ" ಎಂದೆ. "ಕಾಲು ತೋರಿಸಿ, ಅಟ್ಟೆ ಬದಲಿಸ್ಕ್ಯಂಡು ಬತ್ತ."

"ಯಾವಾಗ ಬತ್ನಡ?"

"ನಾಳೆ ಬೆಳಿಗ್ಗೆ ಬತ್ನಡ."

"ನಾಳೆ ಒಂದಿನ ನೋಡ್ತ್ಯ ಹೇಳು ಅವಂಗೆ. ಆಮೇಲೆ ಇಲ್ಲೆ."

ಮಧ್ಯಾಹ್ನದೊಳಗೆ ಶಿರಸಿಯಲ್ಲಿದ್ದೆ. ಹಿರಿಯರು ಏನನ್ನೂ ಕೇಳದೆ ಮತ್ತೆ ಮಂಡಿಯೂರಿದರು. ನಾನು ಛಾವಣಿಯ ಫ್ಯಾನು ನೋಡುತ್ತ, ಮನಸ್ಸಿನಲ್ಲೇ ಕ್ಷಮೆ ಬೇಡುತ್ತ ಕಾಲು ಕೊಟ್ಟೆ. ಅವರು ಅಂಗಾಲನ್ನು ಹೆಬ್ಬೆರಳಿನಿಂದ ಒತ್ತುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು. ನಾನು ಕುರ್ಚಿಯಿಂದ ಒಂದು ಗೇಣು ಎದ್ದೆ.

"ಕಮಾನ ಇಲ್ರಿ ನಿಮಗ. ಹುಟ್ಟಿದಾಗಿಂದ ಹಿಂಗ ಇದ್ದಿರಬೇಕು, ತಗೋರಿ."

ಕೊಟ್ಟದ್ದು ಬೂದುಬಣ್ಣದ, ನಡು ಸ್ವಲ್ಪವೇ ಏರಿದ, ಹಿಮ್ಮಡಿ ಕೂರಲು ಆಳವಾದ ಬಟ್ಟಲಿದ್ದ ಒಂದು ಅಟ್ಟೆ. ಡಬ್ಬಿಯ ಮೇಲೆ ಪರ್ವತವಿಲ್ಲ. ಕನ್ನಡಕ ಹಾಕಿದ ಒಬ್ಬ ಅಜ್ಜಿ ಒಲೆಯ ಮುಂದೆ ಸುಮ್ಮನೆ ನಿಂತಿದ್ದಾಳೆ. ಇದನ್ನು ಊರಿಗೆ ಒಯ್ಯುವಾಗ ಡಬ್ಬಿಯನ್ನು ಬಸ್‌ಸ್ಟ್ಯಾಂಡಿನಲ್ಲೇ ಎಸೆದೆ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಅಡ್ಡಿಯಿಲ್ಲ.

ಮರುದಿನ ಹತ್ತಿದೆ. ನೋವು ಪವಾಡದಂತೆ ಮಾಯವಾಯಿತು ಎಂದು ಡಬ್ಬಿಯವರ ಭಾಷೆಯಲ್ಲಿ ಬರೆಯಲಾರೆ. ಹಿಮ್ಮಡಿ ಗೊಣಗಿತು, ಆದರೆ ಊರಿತು. ಮುಂಚೆ ಒಂದೇ ಉಸಿರಿಗೆ ಹತ್ತುತ್ತಿದ್ದ ಏರಿನಲ್ಲಿ ಮರಕ್ಕೆ ಒರಗಿ ನಿಂತೆ, ಮತ್ತೆ ನಿಂತೆ. ಮೇಲಿನ ಗುಂಡಿಯಲ್ಲಿ ಪೈಪಿನ ಬಾಯಿ ಮುಳುಗಿಸಿ, ಜಾಳಿಗೆ ಕಟ್ಟಿ, ಕಲ್ಲು ಹೇರಿ ಕೂತಾಗ ಹೊತ್ತು ನೆತ್ತಿ ದಾಟಿತ್ತು. ಬಹಳ ಹೊತ್ತಿನ ಮೇಲೆ ಕೆಳಗಿನಿಂದ ಅತ್ತಿಗೆಯ ಕೂಗು ಕೇಳಿತು: "ಬಂತೋ! ಕೆಸರು ಬತ್ತಾ ಇದ್ದು, ಆದ್ರೂ ಬಂತು!"

ಈಗ ಒಳಅಟ್ಟೆ ಕೊಳ್ಳಲು ಹೊರಟವರು ದಾರಿಯಲ್ಲಿ ಸಿಕ್ಕು, ಯಾವುದು ಒಳ್ಳೆಯದು ಎಂದು ನನ್ನನ್ನೇ ಕೇಳುತ್ತಾರೆ. ಸಲಹೆ ಕೊಡುವವರ ಆ ಸಾಲಿಗೆ ಕೊನೆಗೂ ನಾನು ಸೇರಿದ್ದೇನೆ. ನಾನು ಹೇಳುವುದು ಇಷ್ಟೇ. ಗೋಡೆಯ ತುಂಬ ಇರುವ ಡಬ್ಬಿಗಳನ್ನು ನೋಡಬೇಡಿ. ಒಮ್ಮೆ ನಿಮ್ಮ ಅಂಗಾಲು ನೋಡಿಕೊಳ್ಳಿ. ಹೊಟ್ಟೆ ಅಡ್ಡ ಬಂದು ಬಗ್ಗಲಾಗದಿದ್ದರೆ ಒದ್ದೆ ಜೇಡಿಮಣ್ಣಿನ ಮೇಲೆ ಬರಿಗಾಲಲ್ಲಿ ನಡೆದು ಹೋಗಿಬಿಡಿ. ಮರುದಿನ ಬಂದು, ಯಾರದ್ದೋ ಎಂದುಕೊಂಡು, ಮನಸ್ಸು ಬಿಚ್ಚಿ ಬೈಯಿರಿ. ಬೈದದ್ದನ್ನು ಅಂಗಡಿಯವರಿಗೆ ಹಾಗೆಯೇ ಹೇಳಿದರೆ ಸಾಕು, ಸರಿಯಾದದ್ದನ್ನು ಕೊಡುತ್ತಾರೆ.